ಗೋಡೆಯ ಕೊಕ್ಕೆ

ಮೊದಲು ಫ್ಯಾನು ನಿಲ್ಲಿಸಬೇಕು. ಆಮೇಲೆ ಕಿಟಕಿ ಮುಚ್ಚಿ ಬಾಗಿಲಿಗೆ ಅಗಳಿ ಹಾಕಬೇಕು. ಒಳಗಿದ್ದವರೆಲ್ಲ ಮೂಗು ಬಾಯಿ ಮುಚ್ಚುವಂತೆ ಮಾಸ್ಕು ಕಟ್ಟಿಕೊಳ್ಳಬೇಕು. ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದು, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ಆಮೇಲೆ ಕೆನ್ನೆಯ ಮೇಲೆ ನೊಣ ಕೂತರೂ ಮುಟ್ಟಬಾರದು. ದೇವರ ಮುಂದೆ ನಿಲ್ಲುವಾಗಲೂ ನಾನು ಅಷ್ಟು ಚೊಕ್ಕಟವಾಗಿ ಕೈ ತೊಳೆದವನಲ್ಲ.

ತಗಡಿನ ಮಾಡಿನ ಒಂದೇ ಕೋಣೆ ನಮ್ಮದು. ಮಧ್ಯಾಹ್ನ ಫ್ಯಾನು ನಿಂತಿತೆಂದರೆ ಒಳಗೆ ಬೇಯುತ್ತಿತ್ತು. ಸೊಸೆಯ ಹಣೆಯಿಂದ ಬೆವರು ಇಳಿದು ಕಣ್ಣಿಗೆ ಹೋಗುತ್ತಿತ್ತು. ಅವಳು ಒರೆಸಿಕೊಳ್ಳುವಂತಿಲ್ಲ. ಆಗ ನಾನು ಒಂದು ಬಟ್ಟೆಯಿಂದ ಅವಳ ಹಣೆ ಒತ್ತುತ್ತಿದ್ದೆ. ಮಾವನಾದವನು ಸೊಸೆಯ ಹಣೆ ಒರೆಸಿದ್ದನ್ನು ನಮ್ಮ ಹಿರಿಯರು ಕಂಡಿದ್ದರೆ ಏನೆನ್ನುತ್ತಿದ್ದರೋ. ಆ ಕೋಣೆಯಲ್ಲಿ ಹಿಂದಿನವರ ಮಾತು ಯಾವುದೂ ನಡೆಯುತ್ತಿರಲಿಲ್ಲ.

ಮೊಮ್ಮಗಳಿಗೆ ಹದಿನೈದು ವರ್ಷ. ಎರಡೂ ಮೂತ್ರಪಿಂಡಗಳು ಕೆಟ್ಟಿದ್ದವು. ಹೊಟ್ಟೆಯಿಂದ ಒಂದು ಸಣ್ಣ ಕೊಳವೆ ಹೊರಗೆ ಬಂದಿತ್ತು. ಗೋಡೆಗೆ ತೂಗುಹಾಕಿದ ಚೀಲದಿಂದ ತಿಳಿಯಾದ ಔಷಧದ ನೀರು ಆ ಕೊಳವೆಯಲ್ಲಿ ಇಳಿದು ಹೊಟ್ಟೆ ಸೇರುತ್ತಿತ್ತು. ಕೆಲವು ಗಂಟೆ ಒಳಗೇ ಇದ್ದು, ಮೈಯ ವಿಷವನ್ನು ಹೀರಿಕೊಂಡು, ನೆಲದ ಮೇಲಿಟ್ಟ ಖಾಲಿ ಚೀಲಕ್ಕೆ ಇಳಿದು ಬರುತ್ತಿತ್ತು. ಮತ್ತೆ ಹೊಸ ಚೀಲ. ದಿನಕ್ಕೆ ನಾಲ್ಕು ಸಲ ಹೀಗೆ ನಡೆಯಬೇಕು. ಇದಕ್ಕೆ ಡಯಾಲಿಸಿಸ್ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ದೊಡ್ಡ ಮೆಷಿನ್ನಿನಲ್ಲಿ ರಕ್ತ ಶುದ್ಧಿ ಮಾಡುವುದೂ ಉಂಟು. ಆದರೆ ಅಲ್ಲಿ ಸರದಿ ಉದ್ದ. ಅದಕ್ಕೇ ಮನೆಯಲ್ಲಿ ಮಾಡುವುದನ್ನು ಸಿಸ್ಟರ್ ನಮ್ಮ ಸೊಸೆಗೆ ಕಲಿಸಿಕೊಟ್ಟಿದ್ದರು.

ಹುಡುಗಿಗೆ ಬಾಯಿ ಜೋರು. ಎಲ್ಲದಕ್ಕೂ ವಾದ. ಬೀದಿಯವರೆಲ್ಲ ಅವಳನ್ನು ಲಾಯರಮ್ಮ ಎಂದೇ ಕರೆಯುತ್ತಿದ್ದರು.

"ನಂದೂ ಹಮಾಲಿ ಕೆಲಸಾನೇ ತಾತ," ಎನ್ನುತ್ತಿದ್ದಳು ಕೊಳವೆ ಹಿಡಿದುಕೊಂಡು. "ಬೆಳಿಗ್ಗೆ ಲೋಡು, ಮಧ್ಯಾಹ್ನ ಅನ್‌ಲೋಡು. ನಿನಗಾದ್ರೂ ವಾರಕ್ಕೊಂದು ರಜಾ ಇತ್ತು."

"ಬಾಯಿ ಮುಚ್ಚೇ, ಮಾಸ್ಕ್ ಜಾರ್ತಾ ಇದೆ," ಎನ್ನುತ್ತಿದ್ದಳು ಅವಳ ಅಮ್ಮ.

"ಮಾಸ್ಕ್ ಜಾರಿದ್ರೆ ಮಾಸ್ಕಿಗೆ ಬೈ. ಬಾಯಿಗ್ಯಾಕೆ ಬೈತೀಯ?"

ಹಮಾಲಿ ನಮ್ಮ ಮನೆತನದ ಕೆಲಸ. ನಾನು ಬೆನ್ನು ಬಾಗುವವರೆಗೆ ಮೂಟೆ ಹೊತ್ತೆ. ನನ್ನ ನಂತರ ನನ್ನ ಮಗ ಅದೇ ಧಣಿಯ ಅದೇ ಗೋದಾಮಿನಲ್ಲಿ ಹೊತ್ತ. ನಮ್ಮ ಕೈಯಲ್ಲಿ ಒಂದು ಕೊಕ್ಕೆ ಇರುತ್ತದೆ. ಮರದ ಹಿಡಿ, ತುದಿ ಚೂಪಾದ ಬಾಗಿದ ಕಬ್ಬಿಣ. ಮೂಟೆಯ ಕಿವಿಗೆ, ಅಂದರೆ ಮೂಲೆಗೆ, ಅದನ್ನು ಚುಚ್ಚಿ ಎಳೆದು ಹೆಗಲಿಗೆ ತಂದುಕೊಳ್ಳುತ್ತೇವೆ. ಕೊಕ್ಕೆ ಇಲ್ಲದ ಹಮಾಲ ಸೂಜಿ ಇಲ್ಲದ ದರ್ಜಿಯ ಹಾಗೆ.

ಚೀಲ ತೂಗುಹಾಕಲು ಒಂದು ಸ್ಟ್ಯಾಂಡು ತನ್ನಿ ಎಂದು ಸಿಸ್ಟರ್ ಹೇಳಿದ್ದರು. ಕೋಣೆಯಲ್ಲಿ ಸ್ಟ್ಯಾಂಡು ನಿಂತರೆ ಒಬ್ಬರು ಮಲಗುವ ಜಾಗ ಹೋಗುತ್ತಿತ್ತು. ಮಗ ಮೂಲೆಯಲ್ಲಿ ಬಿದ್ದಿದ್ದ ನನ್ನ ಹಳೆಯ ಕೊಕ್ಕೆ ತೆಗೆದ. ತುಕ್ಕು ಉಜ್ಜಿದ. ಬಿಸಿನೀರಿನಲ್ಲಿ ತೊಳೆದು ಬಿಳಿ ಬಣ್ಣ ಬಳಿದ. ಗೋಡೆಗೆ ಎರಡು ದೊಡ್ಡ ಮೊಳೆ ಹೊಡೆದು, ಹಿಡಿಯನ್ನು ತಂತಿಯಿಂದ ಬಿಗಿದ. ಮೊದಲ ಚೀಲ ಅದಕ್ಕೆ ತೂಗಿದಾಗ ಹುಡುಗಿ ಕೈ ತಟ್ಟಿದಳು.

"ರಿಟೈರ್ ಆದ್ಮೇಲೂ ಕೆಲಸ ಸಿಕ್ತು ನೋಡು ತಾತ, ನಿನ್ನ ಕೊಕ್ಕೆಗೆ!"

ನನ್ನ ಮಗ ಹೆಚ್ಚು ಮಾತಾಡುವವನಲ್ಲ. ಅಂದು ಗೋಡೆಗೆ ಒರಗಿ ನಿಂತು ನಕ್ಕ. ಅವನು ನಕ್ಕಿದ್ದು ನೋಡಿ ನನಗೆ ಧೈರ್ಯ ಬಂತು.

ಕಷ್ಟ ಇದ್ದದ್ದು ಪೆಟ್ಟಿಗೆಗಳದ್ದು. ಸರ್ಕಾರಿ ಆಸ್ಪತ್ರೆಯಿಂದ ತಿಂಗಳಿಗೊಮ್ಮೆ ಔಷಧದ ಚೀಲಗಳು ಬರುತ್ತಿದ್ದವು. ರಟ್ಟಿನ ಪೆಟ್ಟಿಗೆಗಳು ಒಂದರ ಮೇಲೊಂದು ಇಟ್ಟರೆ ಮಾಡು ಮುಟ್ಟುವಷ್ಟು. ಅವನ್ನು ಬಿಸಿಲಿಗೆ ಇಡಬಾರದು, ಒದ್ದೆ ನೆಲದ ಮೇಲೆ ಇಡಬಾರದು. ಮನೆಯೊಳಗೆ ಇಟ್ಟರೆ ನಾವು ನಾಲ್ವರು ಬೀದಿಯಲ್ಲಿ ಮಲಗಬೇಕು. ಮಗ ಧಣಿಯ ಮುಂದೆ ಕೈ ಕಟ್ಟಿ ನಿಂತು ಕೇಳಿದ. ಧಣಿ ಯೋಚನೆ ಮಾಡಲಿಲ್ಲ.

"ಅಯ್ಯೋ, ಅಷ್ಟು ದೊಡ್ಡ ಗೋದಾಮು ಇದೆ. ಒಂದು ಮೂಲೆ ನಿನ್ನ ಮಗಳಿಗೆ ಕೊಡೋಕಾಗಲ್ವಾ? ಹಿಂದಿನ ಮೂಲೇಲಿ ಹಲಗೆ ಹಾಕಿ ಇಟ್ಕೊ. ಬೇಕಾದಾಗ ತಗೊಂಡು ಹೋಗು."

ಗೋದಾಮಿಗೆ ಬಂದವರಿಗೆಲ್ಲ ಆ ಮೂಲೆ ತೋರಿಸಿ ಧಣಿ ಹೇಳುತ್ತಿದ್ದರು: "ನಮ್ಮ ಹಮಾಲನ ಮಗಳದ್ದು. ಪಾಪದ ಕೂಸು." ಬಂದವರು ಧಣಿಯ ಮುಖ ನೋಡಿ ತಲೆದೂಗುತ್ತಿದ್ದರು. ನಾನೂ ದೊಡ್ಡ ಮನಸ್ಸು ಎಂದುಕೊಂಡೆ. ದಿನಾ ಬೆಳಿಗ್ಗೆ ದೇವರಿಗೆ ಕೈ ಮುಗಿಯುವಾಗ ಮನೆಯವರ ಹೆಸರು ಹೇಳಿ, ಕೊನೆಗೆ ಧಣಿಯ ಹೆಸರು ಸೇರಿಸುತ್ತಿದ್ದೆ. ಅವರ ಮನೆ ತಣ್ಣಗಿರಲಿ ಎನ್ನುತ್ತಿದ್ದೆ.

ಪೆಟ್ಟಿಗೆ ಬರುವ ದಿನ ಹಮಾಲರು ತಮ್ಮಷ್ಟಕ್ಕೆ ಒಂದು ಪದ್ಧತಿ ಮಾಡಿಕೊಂಡಿದ್ದರು. ಆಸ್ಪತ್ರೆಯ ಗಾಡಿ ಕಂಡ ಕೂಡಲೇ ಎಲ್ಲರೂ ಕೊಕ್ಕೆಗಳನ್ನು ಗೋದಾಮಿನ ಗೇಟಿನ ಸರಳಿಗೆ ನೇತುಹಾಕುತ್ತಿದ್ದರು. ಬರಿಗೈಯಲ್ಲಿ, ಎದೆಗೆ ಒತ್ತಿಕೊಂಡು, ಒಂದೊಂದೇ ಪೆಟ್ಟಿಗೆ ಒಳಗೆ ಒಯ್ಯುತ್ತಿದ್ದರು. ಇದನ್ನು ಶುರು ಮಾಡಿದವನು ಮೈಕು. ದನಿ ದೊಡ್ಡದಾದ್ದರಿಂದ ಅವನಿಗೆ ಆ ಹೆಸರು.

"ಲೇ, ಕೊಕ್ಕೆ ಆಚೆ! ಲಾಯರಮ್ಮನ ಮಾಲು ಬಂತು!" ಎಂದು ಅವನು ಕೂಗಿದರೆ ನಮ್ಮ ಬೀದಿಗೆ ಕೇಳುತ್ತಿತ್ತು.

ಮನೆಯೊಳಗೆ ಕೂತ ಹುಡುಗಿ ನಗುತ್ತಿದ್ದಳು. "ಮೈಕಣ್ಣ ಕೂಗಿದ್ರೆ ಪೆಟ್ಟಿಗೆ ತಾನಾಗೇ ನಡ್ಕೊಂಡು ಹೋಗುತ್ತೆ."

ಹೀಗೆ ಒಂದೂವರೆ ವರ್ಷ ನಡೆಯಿತು. ಅವಳು ಕೊಂಚ ಎತ್ತರವೂ ಆದಳು.

ಆಮೇಲೆ ಗೋದಾಮಿಗೆ ಮಾಲು ತುಂಬುವ ಹೊಸ ಚೀಲ ಬಂತು. ಹಳೆಯ ಮೂಟೆಗಿಂತ ಉದ್ದ, ಅಗಲ. ಲಾರಿ ತುಂಬುವ ಸುತ್ತು ಕಡಿಮೆಯಾಗುತ್ತದೆ ಎಂದು ಧಣಿಯ ಲೆಕ್ಕ. ಅದನ್ನು ಹೆಗಲಿಗೆ ತೆಗೆದುಕೊಂಡರೆ ಕತ್ತು ಒಂದು ಕಡೆಗೆ ಮುರಿದಂತಾಗುತ್ತಿತ್ತು. ಲಾರಿಗೆ ಹಾಕಿದ ಹಲಗೆ ಬಿಲ್ಲಿನಂತೆ ಬಾಗುತ್ತಿತ್ತು. ಹಮಾಲರು ಹೇಳಿ ನೋಡಿದರು. ಗುಮಾಸ್ತ ಕೇಳಿಸಿಕೊಂಡ, ಅಷ್ಟೇ. ಒಂದು ಬೆಳಿಗ್ಗೆ ಉದ್ದಣ್ಣನೆಂಬುವನು ಹಲಗೆಯ ಮೇಲಿಂದ ಮೂಟೆಯ ಸಮೇತ ಬಿದ್ದ. ಅವನು ಕೆಳಗೆ, ಮೂಟೆ ಮೇಲೆ. ಸೊಂಟದ ಕೆಳಗೆ ಅವನಿಗೆ ಈಗ ಏನೂ ಗೊತ್ತಾಗುವುದಿಲ್ಲ.

"ನೋಡ್ಕೊಂಡು ನಡೀಬೇಕಿತ್ತು," ಎಂದರಂತೆ ಧಣಿ.

ಅಂದು ಮಧ್ಯಾಹ್ನವೇ ಹಮಾಲರು ಕೆಲಸ ನಿಲ್ಲಿಸಿದರು. ಹಳೆಯ ಚೀಲ ಬರುವವರೆಗೆ, ಉದ್ದಣ್ಣನ ಮನೆಗೆ ಒಂದು ದಾರಿಯಾಗುವವರೆಗೆ ಯಾರೂ ಹೆಗಲು ಕೊಡಬಾರದು ಎಂದು ಮಾತಾಯಿತು. ನನ್ನ ಮಗನೂ ಕೈ ಎತ್ತಿದ. ಉದ್ದಣ್ಣನೂ ಅವನೂ ಒಟ್ಟಿಗೆ ಮೂಟೆ ಹೊರಲು ಕಲಿತವರು.

ಧಣಿ ಗೋದಾಮಿಗೆ ಬೀಗ ಹಾಕಿಸಿದರು. ಪೆಟ್ಟಿಗೆಗಳು ಒಳಗೆ ಉಳಿದವು.

ಮನೆಯಲ್ಲಿ ಮಂಚದ ಕೆಳಗೆ ಇದ್ದದ್ದು ಎರಡು ದಿನಕ್ಕಾಗುವಷ್ಟು ಚೀಲ. ಮಗ, ಮೈಕು, ನಾನು ಧಣಿಯ ಮನೆಗೆ ಹೋದೆವು. ಧಣಿ ಜಗಲಿಯ ಮೇಲೆ ಕೂತಿದ್ದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನಾನೇನು ಕಟುಕನೇನಯ್ಯಾ?" ಎಂದರು. "ಪೆಟ್ಟಿಗೆ ನಿಂದೇ. ಜಾಗ ನಂದು. ಜಾಗದ ಬಾಗಿಲು ತೆಗೀಬೇಕಂದ್ರೆ ಕೆಲಸ ನಡೀಬೇಕು. ಕೆಲಸ ನಿಲ್ಲಿಸಿದ್ದು ನೀವು. ಬಾಗಿಲು ಮುಚ್ಚಿಸಿದ್ದೂ ನೀವೇ ಆದ್ರಿ."

"ಒಂದು ಗಳಿಗೆ ತೆಗೀರಿ ಸ್ವಾಮಿ," ಎಂದ ಮೈಕು. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಎಲ್ಲಾ ಪೆಟ್ಟಿಗೆ ಆಚೆ ತಗೊಂಡು ಹೋಗ್ತೀವಿ. ನಮ್ಮ ನಮ್ಮ ಮಂಚದ ಕೆಳಗೆ ಇಟ್ಕೋತೀವಿ. ನಿಮ್ಮ ಜಾಗ ನಿಮಗೇ ಆಯ್ತಲ್ಲ."

"ನಿನ್ನ ಹತ್ರ ನಾನು ಮಾತಾಡ್ತಾ ಇಲ್ಲ." ಧಣಿ ನನ್ನ ಮಗನ ಕಡೆ ತಿರುಗಿದರು. "ನೀನು ಒಳ್ಳೆ ಮನುಷ್ಯ. ನಿಮ್ಮಪ್ಪನೂ ಒಳ್ಳೇವ್ರು. ನೀನು ನಾಳೆ ಬಾ. ಮೂಟೆ ಎತ್ತು. ಸಾಯಂಕಾಲ ಹೋಗೋವಾಗ ಒಂದು ಪೆಟ್ಟಿಗೆ ತಗೊಂಡು ಹೋಗು. ನಾಡಿದ್ದು ಇನ್ನೊಬ್ಬನ್ನ ಕರ್ಕೊಂಡು ಬಾ. ಯಾರಿಗೇನು ನಷ್ಟ?"

ಅಲ್ಲಿಂದ ಪೊಲೀಸ್ ಠಾಣೆಗೆ ಹೋದೆವು. ಅದು ಖಾಸಗಿ ಜಾಗ, ಬೀಗ ಒಡೆದರೆ ನಿಮ್ಮ ಮೇಲೇ ಕೇಸು ಎಂದರು. ಆಸ್ಪತ್ರೆಗೆ ಹೋದೆವು. ಔಷಧ ಕೊಡುವವನು ಕನ್ನಡಕ ತೆಗೆದು ಒರೆಸಿಕೊಂಡ. "ಈ ತಿಂಗಳದ್ದು ನಿಮಗೆ ಕೊಟ್ಟಾಗಿದೆಯಲ್ಲಪ್ಪ. ಮತ್ತೆ ಕೊಟ್ರೆ ಇನ್ನೊಬ್ಬರ ಪಾಲಿಂದು ಕೊಡಬೇಕು." ಆ ಇನ್ನೊಬ್ಬರು ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಊದಿದ ಮುಖದ ಒಂದು ಹೆಂಗಸು. ನಮ್ಮನ್ನೇ ನೋಡುತ್ತಿದ್ದಳು. ನಾವು ಹೊರಟು ಬಂದೆವು.

ಸಂಜೆ ಮನೆಯ ಮುಂದೆ ಹಮಾಲರೆಲ್ಲ ಬಂದು ನಿಂತರು. ಒಳಗೆ ಬರಲಿಲ್ಲ. ಒಳಗೆ ಚೀಲ ಬದಲಾಯಿಸುವ ಹೊತ್ತು. ಬಾಗಿಲು ತೆರೆಯುವವರೆಗೆ ಇಳಿಬಿಸಿಲಿನಲ್ಲೇ ಕಾದರು.

"ನೀನು ಹೋಗು," ಎಂದ ಮೈಕು ನನ್ನ ಮಗನಿಗೆ. "ನಾವು ಯಾರೂ ನಿನ್ನ ದ್ರೋಹಿ ಅನ್ನಲ್ಲ. ಅಂದೋನ ಹಲ್ಲು ನಾನು ಮುರೀತೀನಿ."

ಮಗ ತಲೆ ಎತ್ತಲಿಲ್ಲ. "ಉದ್ದಣ್ಣ?"

"ಉದ್ದಣ್ಣನೇ ಹೇಳಿ ಕಳಿಸಿದಾನೆ. ಹುಡುಗಿ ಮುಖ ನೋಡು ಅಂದ."

ಆಗ ಬಾಗಿಲಲ್ಲಿ ಹುಡುಗಿ ಬಂದು ನಿಂತಳು. ಅವಳು ಏನಾದರೂ ದೊಡ್ಡ ಮಾತು ಹೇಳುತ್ತಾಳೆ, ಲಾಯರಮ್ಮ ಅಲ್ಲವೇ, ಎಂದು ಎಲ್ಲರೂ ಕಾದಂತೆ ಕಂಡಿತು. ಅವಳು ಅಪ್ಪನನ್ನೇ ನೋಡಿದಳು.

"ನಾನು ಬದುಕಬೇಕು ಅಪ್ಪ," ಎಂದಳು. ಅಷ್ಟು ಹೇಳಿ ಅಳುತ್ತ ಒಳಗೆ ಹೋದಳು. ಆ ಮಗು ಬೇರೆ ಏನು ಹೇಳಬೇಕಿತ್ತು?

ಮಾರನೆಯ ದಿನ ನನ್ನ ಮಗ ಹೋದ. ಗೇಟಿನ ಹೊರಗೆ ಕೂತ ತನ್ನವರ ನಡುವೆಯೇ ನಡೆದು ಒಳಗೆ ಹೋಗಬೇಕಿತ್ತು. ಅವರು ಕಾಲು ಮಡಿಸಿ ದಾರಿ ಬಿಟ್ಟರು. ಒಬ್ಬ ಅವನ ಬೆನ್ನು ತಟ್ಟಿದನಂತೆ. ಅದನ್ನೇ ತಡೆದುಕೊಳ್ಳಲಾಗಲಿಲ್ಲ ಎಂದ ಮನೆಗೆ ಬಂದು. ಇಡೀ ದಿನ ಒಬ್ಬನೇ ಆ ದೊಡ್ಡ ಮೂಟೆ ಹೊತ್ತ. ಹಲಗೆ ಹಿಡಿಯಲೂ ಜೊತೆಗೆ ಜನವಿಲ್ಲ. ಸಾಯಂಕಾಲ ಒಂದು ಪೆಟ್ಟಿಗೆ ಎದೆಗೆ ಅವಚಿಕೊಂಡು ಬಂದ. ಪೆಟ್ಟಿಗೆ ಕೆಳಗಿಟ್ಟು ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದ.

"ಸುಸ್ತಾಯ್ತಾ ಅಪ್ಪ?" ಎಂದಳು ಮಗಳು.

"ಇಲ್ಲಮ್ಮ. ಹೊಸ ಚೀಲ ಮೆತ್ತಗಿದೆ."

"ಸುಳ್ಳು ಹೇಳೋಕೂ ಬರಲ್ಲ ನಿನಗೆ," ಎಂದು ಅವಳು ಅವನ ಹೆಗಲು ಒತ್ತಿದಳು. ಅವನು ಹಾ ಎಂದು ಕೂಗಿಕೊಂಡ. ಅಂಗಿ ತೆಗೆಸಿ ನೋಡಿದರೆ ಚರ್ಮ ಕಿತ್ತುಬಂದಿತ್ತು.

ಕೆಲವು ದಿನ ಹೀಗೆಯೇ ನಡೆಯಿತು. ಒಂದು ದಿನದ ದುಡಿಮೆಗೆ ಒಂದು ಪೆಟ್ಟಿಗೆ. ನಮ್ಮದೇ ಪೆಟ್ಟಿಗೆ. ಧಣಿ ದಿನಾ ಕೇಳುತ್ತಿದ್ದರು, "ಇನ್ನೊಬ್ಬನ್ನ ಕರ್ಕೊಂಡು ಬಂದ್ಯಾ?" ಮಗ ತಲೆಯಾಡಿಸಿ ಇಲ್ಲ ಎನ್ನುತ್ತಿದ್ದ. ಅವನು ಯಾರನ್ನೂ ಕೇಳಲಿಲ್ಲ. ತಾನು ಹೋದದ್ದೇ ಸಾಕು ಎಂದ.

ಧಣಿಯ ತಾಳ್ಮೆ ಮುಗಿಯಿತು. ಬೇರೆ ಊರಿನಿಂದ ಒಂದು ಲಾರಿ ತುಂಬ ಆಳುಗಳನ್ನು ಕರೆಸಿದರು. ಅವರೂ ನಮ್ಮಂಥವರೇ. ಮೈಮೇಲೆ ಎಲುಬು ಕಾಣುತ್ತಿದ್ದವು. ಅದೇ ದಿನ ಹೊಸ ಮಾಲೂ ಬಂತು. ಗೋದಾಮಿನಲ್ಲಿ ಜಾಗ ಸಾಲದು.

"ಹಿಂದಿನ ಮೂಲೆ ಖಾಲಿ ಮಾಡಿಸು," ಎಂದು ಧಣಿ ಗುಮಾಸ್ತನಿಗೆ ಹೇಳಿದರು. ಗುಮಾಸ್ತ ಆಳುಗಳಿಗೆ ಕೈ ತೋರಿಸಿದ. ಯಾವ ಪೆಟ್ಟಿಗೆ, ಯಾರದು ಎಂದು ಇಬ್ಬರೂ ಹೇಳಲಿಲ್ಲ. ನನ್ನ ಮಗ ಆಗ ಲಾರಿಯ ಮೇಲಿದ್ದ.

ಅವರು ಕೆಲಸ ಗೊತ್ತಿದ್ದವರು. ಹಮಾಲ ಹೇಗೆ ಎಳೆಯುತ್ತಾನೋ ಹಾಗೆ ಎಳೆದರು. ಪೆಟ್ಟಿಗೆಯ ಕಿವಿಗೆ ಕೊಕ್ಕೆ ಚುಚ್ಚಿ, ಜಗ್ಗಿ, ನೆಲದ ಮೇಲೆ ಜಾರಿಸಿ, ಗೇಟಿನಾಚೆ ಬೀದಿಗೆ ಉರುಳಿಸಿದರು.

ಗೇಟಿನ ಹೊರಗೆ ಕೂತಿದ್ದ ಮೈಕು ಮೊದಲ ಪೆಟ್ಟಿಗೆ ಉರುಳಿದ್ದನ್ನು ಕಂಡ. "ಕೊಕ್ಕೆ ಆಚೆ! ಲೇ, ಕೊಕ್ಕೆ ಆಚೆ!" ಎಂದು ಕೂಗಿದ. ಆ ಕೂಗು ನಮ್ಮ ಮನೆಗೂ ಕೇಳಿತು. ಆಸ್ಪತ್ರೆಯ ಗಾಡಿ ಬಂತೆಂದು ಸೊಸೆ ಸಂತೋಷದಿಂದ ಎದ್ದಳು. ಹೊಸಬರಿಗೆ ಆ ಕೂಗಿನ ಅರ್ಥ ಗೊತ್ತಿರಲಿಲ್ಲ. ಗಲಾಟೆ ಮಾಡುತ್ತಿದ್ದಾರೆ ಎಂದುಕೊಂಡು ಇನ್ನೂ ಬೇಗ ಬೇಗ ಎಳೆದರು.

ನಾನು ಹೋಗುವ ಹೊತ್ತಿಗೆ ಬೀದಿ ಒದ್ದೆಯಾಗಿತ್ತು. ರಟ್ಟು ನೆನೆದು ಬಿರಿದಿತ್ತು. ಮಗ ಮಂಡಿಯೂರಿ ಕೂತಿದ್ದ. ಹೊಸ ಆಳುಗಳಲ್ಲಿ ಒಬ್ಬ, ನಡುವಯಸ್ಸಿನವನು, ಕೈಯಲ್ಲಿ ಕೊಕ್ಕೆ ಹಿಡಿದೇ ನನ್ನ ಹತ್ತಿರ ಬಂದ.

"ಇದರೊಳಗೆ ಏನಿದೆ ಅಂತ ಯಾರೂ ಹೇಳ್ಲಿಲ್ಲ ಯಜಮಾನ್ರೇ," ಎಂದ. "ಏನಿತ್ತು?"

ಮೈಕು ಹೇಳಿದ. ಆ ಮನುಷ್ಯ ತನ್ನ ಕೈಯ ಕೊಕ್ಕೆಯನ್ನು ನೋಡಿಕೊಂಡ.

ಉಳಿದ ಚೀಲಗಳನ್ನೆಲ್ಲ ಆರಿಸಿ ಮನೆಗೆ ತಂದೆವು. ಸಿಸ್ಟರ್ ಕಲಿಸುವಾಗ ಖಂಡಿತವಾಗಿ ಹೇಳಿದ್ದರು: ಚೀಲದ ಹೊರಗೆ ಒದ್ದೆ ಕಂಡರೆ ಬಿಸಾಕಿ, ಅನುಮಾನ ಬಂದರೂ ಬಿಸಾಕಿ. ಅನುಮಾನ ಬಂದದ್ದನ್ನೆಲ್ಲ ಬಿಸಾಕಿದರೆ ಒಂದೂ ಉಳಿಯುತ್ತಿರಲಿಲ್ಲ. ಮುಂದಿನ ತಿಂಗಳ ಗಾಡಿಗೆ ಇನ್ನೂ ದಿನವಿತ್ತು.

ಆಗ ಹಮಾಲರು ತಮಗೆ ಗೊತ್ತಿದ್ದ ಒಂದು ಉಪಾಯ ಮಾಡಿದರು. ಗೋದಾಮಿನಲ್ಲಿ ಸಕ್ಕರೆ ಮೂಟೆ ಎಲ್ಲಿ ಹರಿದಿದೆ ಎಂದು ಕಣ್ಣಿಗೆ ಕಾಣದಿದ್ದರೆ ನಾವು ಇರುವೆಗಳನ್ನು ನೋಡುತ್ತೇವೆ. ಸೂಜಿಯ ತೂತಿದ್ದರೂ ಇರುವೆ ಹುಡುಕಿಕೊಂಡು ಬರುತ್ತದೆ. ಈ ಔಷಧದ ನೀರಿನಲ್ಲೂ ಸಕ್ಕರೆಯಿದೆ. ಬೀದಿಯಲ್ಲಿ ಚೆಲ್ಲಿದ ಕಡೆ ಆಗಲೇ ಇರುವೆ ಸಾಲುಗಟ್ಟಿತ್ತು.

"ಎಲ್ಲಾ ಒರೆಸಿ ಒಣಗಿಸಿ ಸಾಲಾಗಿ ಇಡಿ," ಎಂದ ಮೈಕು. "ಸಾಯಂಕಾಲದೊಳಗೆ ಇರುವೆ ಹತ್ತಿದ್ದು ಕೆಟ್ಟದ್ದು. ಹತ್ತದೇ ಇದ್ದದ್ದು ಒಳ್ಳೇದು."

ನನಗೂ ಅದು ಸರಿ ಎನಿಸಿತು. ಒಂದು ಆಯುಷ್ಯ ಆ ಲೆಕ್ಕದಲ್ಲೇ ಮೂಟೆ ಆರಿಸಿದವರು ನಾವು. ಇಸ್ತ್ರಿ ಅಂಗಡಿಯಲ್ಲಿ ದುಡಿಯುವ ಸೊಸೆ ಕೆಲಸಕ್ಕೆ ಹೋಗದೆ ಒಂದೊಂದು ಚೀಲವನ್ನೂ ಒರೆಸಿದಳು. ಹಮಾಲರು ನೆರಳಿನಲ್ಲಿ ಹಲಗೆ ಹಾಸಿ ಚೀಲಗಳನ್ನು ಮಲಗಿಸಿದರು. ಅಷ್ಟು ದೊಡ್ಡ ಗಂಡಸರು ಕುಕ್ಕುರುಗಾಲಿನಲ್ಲಿ ಕೂತು ಇರುವೆ ಕಾದರು. ಹುಡುಗಿ ಬಾಗಿಲಲ್ಲಿ ಕೂತು ನೋಡಿದಳು. ಒಂದು ಹೊತ್ತಿನದ್ದು ತಪ್ಪಿ ಅವಳ ಮುಖ ಆಗಲೇ ಊದಿತ್ತು.

"ಇರುವೆಗಳೇ, ನನ್ನ ಊಟಕ್ಕೆ ಬರಬೇಡಿ," ಎಂದಳು. ಯಾರೋ ನಕ್ಕರು. ನಗು ಬೇಗ ಮುಗಿಯಿತು.

ಬಹಳ ಚೀಲಗಳಿಗೆ ಇರುವೆ ಹತ್ತಿತು. ಕೆಲವಕ್ಕೆ ಹತ್ತಲಿಲ್ಲ. ಹತ್ತದವನ್ನು ಸೊಸೆ ಮಂಚದ ಕೆಳಗೆ ಬಟ್ಟೆ ಹಾಸಿ ಇಟ್ಟಳು. ನಾಲ್ಕು ಸಲ ಹಾಕಬೇಕಾದ್ದನ್ನು ಮೂರು ಸಲ ಹಾಕಿದರೆ ತಿಂಗಳ ಕೊನೆ ಮುಟ್ಟಬಹುದು ಎಂದುಕೊಂಡೆವು. ನಾನು ದೇವರ ಮುಂದೆ ಕೂತು, ಆ ಚೀಲಗಳನ್ನು ಕಾಯಪ್ಪ ಎಂದು ಬೇಡಿಕೊಂಡೆ. ಅಂಥದ್ದನ್ನು ದೇವರಲ್ಲಿ ಬೇಡುತ್ತೇನೆ ಎಂದು ಎಂದೂ ಅಂದುಕೊಂಡವನಲ್ಲ.

ಮೂರನೆಯ ದಿನ ಬೆಳಿಗ್ಗೆ ಹೊಟ್ಟೆಯಿಂದ ಇಳಿದು ಬಂದ ನೀರು ತಿಳಿಯಾಗಿರಲಿಲ್ಲ. ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿತ್ತು. ಸೊಸೆ ಚೀಲವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಅದರಾಚೆ ಅವಳ ಬೆರಳು ಕಾಣಲಿಲ್ಲ.

"ಮಾವ," ಎಂದಳು. ಮಾಸ್ಕಿನ ಮೇಲೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು.

ಹೊಟ್ಟೆಯೊಳಗೆ ನಂಜು ಸೇರಿತ್ತು. ಯಾವ ಚೀಲದಿಂದ ಸೇರಿತೋ ದೇವರೇ ಬಲ್ಲ. ಇರುವೆಗೂ ಕಾಣದ ತೂತು ಇರುತ್ತದಂತೆ. ಮಗ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದ. ದಾರಿಯಲ್ಲಿ ಅವಳು ಅವನ ಕಿವಿಯಲ್ಲಿ ಹೇಳಿದಳಂತೆ: "ನಾನು ಹಳೇ ಚೀಲದಷ್ಟೇ ಇದ್ದೀನಿ ಅಲ್ವಾ ಅಪ್ಪ? ಭಾರ ಇಲ್ಲ ತಾನೇ?"

ಆಸ್ಪತ್ರೆಯಲ್ಲಿ ಬೈದರು. "ಸೋರಿದ ಚೀಲ ಹಾಕ್ತಾರೇನ್ರೀ ಯಾರಾದ್ರೂ? ಅಷ್ಟೂ ತಿಳುವಳಿಕೆ ಬೇಡ್ವಾ?" ಎಂದರು ಡಾಕ್ಟರು. ಸಿಸ್ಟರ್ ಮಾತ್ರ ಏನೂ ಅನ್ನದೆ ಸೊಸೆಯ ಕೈ ಹಿಡಿದುಕೊಂಡರು. ಸೂಜಿ ಚುಚ್ಚಿದರು, ಔಷಧಿ ಕೊಟ್ಟರು. ಹೊಟ್ಟೆಗೆ ನೀರು ಬಿಡುವಂತಿಲ್ಲ, ರಕ್ತದ ಮೆಷಿನ್ನಿಗೆ ಹಾಕಬೇಕು ಎಂದರು. ಮೆಷಿನ್ನಿನ ಮುಂದೆ ಸರದಿಯಿತ್ತು. ಸರದಿಯಲ್ಲಿ ಇದ್ದವರೆಲ್ಲ ಯಾರದೋ ಮಕ್ಕಳೇ.

ಅವಳು ಹೋದಳು. ಅದನ್ನು ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗದು.

ಎಲ್ಲ ಮುಗಿಸಿ ಬಂದ ಮಾರನೆಯ ಬೆಳಿಗ್ಗೆ ನಾನು ದೇವರಿಗೆ ಕೈ ಮುಗಿದೆ. ಮನೆಯವರ ಹೆಸರು ಹೇಳಿದೆ. ಅವಳ ಹೆಸರನ್ನೂ ಹೇಳಿದೆ, ಇನ್ನು ಅವಳು ನಿನ್ನ ಮನೆಯವಳು ಎಂದೆ. ಧಣಿಯ ಹೆಸರು ಬರುವ ಕಡೆ ನಾಲಿಗೆ ನಿಂತಿತು. ಶಾಪ ಹಾಕಲಿಲ್ಲ. ಆ ಜಾಗ ಖಾಲಿ ಬಿಟ್ಟು ಎದ್ದೆ.

ಮಧ್ಯಾಹ್ನವಾಯಿತು. ಸೊಸೆ ಎದ್ದಳು. ಫ್ಯಾನು ನಿಲ್ಲಿಸಿದಳು. ಕಿಟಕಿ ಮುಚ್ಚಿ ಬಾಗಿಲಿಗೆ ಅಗಳಿ ಹಾಕಿದಳು. ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದಳು. ತೊಳೆದ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ತಿರುಗಿದಳು. ಖಾಲಿ ಮಂಚ ನೋಡಿದಳು. ಆ ಕೈಗಳನ್ನು ಎಲ್ಲಿ ಇಡಬೇಕೆಂದು ಅವಳಿಗೆ ತಿಳಿಯಲಿಲ್ಲ. ನಮಗೂ ತಿಳಿಯಲಿಲ್ಲ.

ಆಗ ಬಾಗಿಲು ಬಡಿದ ಸದ್ದಾಯಿತು. ಮಗ ಅಗಳಿ ತೆಗೆದ. ಗುಮಾಸ್ತ ನಿಂತಿದ್ದ. ಅವನ ಹಿಂದೆ ಬೀದಿಯಲ್ಲಿ ಮೈಕು ಮತ್ತು ಉಳಿದವರು ಇದ್ದರು.

"ಧಣಿಗಳು ತುಂಬಾ ನೊಂದ್ಕೊಂಡ್ರಪ್ಪ," ಎಂದ ಗುಮಾಸ್ತ. "ಊಟಾನೂ ಮಾಡಿಲ್ಲ. ನಿನ್ನ ಕೆಲಸ ನಿನಗೇ ಇದೆ, ಯಾವಾಗ ಬೇಕಾದ್ರೂ ಬಾ ಅಂದಿದಾರೆ."

ಗುಮಾಸ್ತ ಕಾಲು ಬದಲಾಯಿಸಿ ನಿಂತ.

"ಇನ್ನೊಂದು. ಆ ಮೂಲೇಲಿ ನಿಮ್ಮ ಹಲಗೆ ಹಾಗೇ ಉಳ್ಕೊಂಡಿವೆ. ತಗೊಂಡು ಹೋಗಬೇಕಂತೆ. ಜಾಗ ಬೇಕಾಗಿದೆ."

ಮಗ ಅವನ ಮುಖ ನೋಡಿದ. ಆಮೇಲೆ ಒಳಗೆ ತಿರುಗಿದ. ಗೋಡೆಯ ಹತ್ತಿರ ಹೋಗಿ ತಂತಿ ಬಿಚ್ಚಿದ. ಅದನ್ನು ಗಟ್ಟಿಯಾಗಿ ಬಿಗಿದಿದ್ದ, ಬಿಚ್ಚಲು ಹೊತ್ತು ಹಿಡಿಯಿತು. ಕೊಕ್ಕೆ ಕೈಗೆ ಬಂತು. ಗೋಡೆಯಲ್ಲಿ ಎರಡು ಮೊಳೆ ಉಳಿದವು.

"ಅಪ್ಪ, ಇದು ನಿಮ್ದು," ಎಂದು ನನ್ನ ಕೈಗೆ ಕೊಟ್ಟ.

ನಾನು ಅದನ್ನು ಹಿಡಿದು ಹೊರಗೆ ಬಂದೆ. ಎಷ್ಟೋ ವರ್ಷದ ಮೇಲೆ ಅದು ನನ್ನ ಕೈಯಲ್ಲಿತ್ತು. ಬಿಳಿ ಬಣ್ಣದ್ದು, ಚೊಕ್ಕಟವಾದದ್ದು. ಮಗ ನನ್ನ ಪಕ್ಕ ಬಂದ. ಅವನ ಕೈಯಲ್ಲಿ ಅವನದು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಮೈಕು ಗುಮಾಸ್ತನನ್ನು ಪಕ್ಕಕ್ಕೆ ಸರಿಸಿ ದಾರಿ ಮಾಡಿದ. ನಾವು ಗೋದಾಮಿನ ತನಕ ನಡೆದೆವು.

ಗೇಟಿನ ಒಂದು ಬಾಗಿಲು ತೆರೆದಿತ್ತು; ಲಾರಿ ಹೊರಡಬೇಕಾದರೆ ಮುಚ್ಚಿದ್ದ ಇನ್ನೊಂದನ್ನೂ ತೆಗೆಯಬೇಕು. ಒಳಗೆ ಲಾರಿ ನಿಂತಿತ್ತು, ಮಾಲು ತುಂಬುತ್ತಿದ್ದರು. ನಾನು ಆ ಮುಚ್ಚಿದ ಬಾಗಿಲಿನ ಸರಳಿಗೆ ನನ್ನ ಕೊಕ್ಕೆ ನೇತುಹಾಕಿದೆ. ಮಗ ಅವನದನ್ನು ಪಕ್ಕದಲ್ಲಿ, ಬಾಗಿಲಿನ ಅಗಳಿಗೇ ಸಿಕ್ಕಿಸಿ ಹಾಕಿದ. ಆಸ್ಪತ್ರೆಯ ಗಾಡಿ ಬಂದ ದಿನ ಹೇಗೆ ಹಾಕುತ್ತಿದ್ದರೋ ಹಾಗೆ ಮೈಕು ಹಾಕಿದ. ಅವನ ಹಿಂದೆ ಒಬ್ಬೊಬ್ಬರೇ ಬಂದರು. ಉದ್ದಣ್ಣನ ಹೆಂಡತಿ ಸೆರಗಿನಲ್ಲಿ ಸುತ್ತಿಕೊಂಡು ಗಂಡನ ಕೊಕ್ಕೆ ತಂದಿದ್ದಳು. ಸರಳು ಎತ್ತರದಲ್ಲಿತ್ತು. ಮಗ ಅವಳ ಕೈಯಿಂದ ತೆಗೆದುಕೊಂಡು ಹಾಕಿದ.

ಯಾರೂ ಘೋಷಣೆ ಕೂಗಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು ಮಾತ್ರ.

ಒಳಗಿನ ಆಳುಗಳು ಮೂಟೆ ಹಿಡಿದವರು ಹಾಗೇ ನಿಂತು ನೋಡಿದರು. ಅಂದು ನನ್ನನ್ನು ಕೇಳಿದ್ದ ನಡುವಯಸ್ಸಿನವನು ಹೆಗಲ ಮೇಲಿನ ಮೂಟೆಯನ್ನು ನಿಧಾನವಾಗಿ ಕೆಳಗೆ ಇಳಿಸಿದ. ಗೇಟಿನ ತನಕ ಬಂದ. ನನ್ನ ಮಗನ ಮುಖ ನೋಡಲು ಅವನಿಂದ ಆಗಲಿಲ್ಲ. ತನ್ನ ಕೊಕ್ಕೆಯನ್ನು ಎಲ್ಲಕ್ಕಿಂತ ಕೆಳಗಿನ ಸರಳಿಗೆ ಹಾಕಿ ಹೊರಗೆ ಬಂದು ನಿಂತ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಮತ್ತೊಬ್ಬ.

ಮೇಲಿನ ಕಿಟಕಿಯಲ್ಲಿ ಧಣಿ ಕಾಣಿಸಿಕೊಂಡರು.

"ಏನ್ರೋ ಅದು ಗೇಟಿಗೆ? ಲಾರಿ ಆಚೆ ಹೋಗೋದು ಹೇಗೆ? ತೆಗೀರಿ ಅದನ್ನೆಲ್ಲ!"

ನಾವು ನಿಂತೇ ಇದ್ದೆವು. ಲಾರಿಯ ಡ್ರೈವರು ಇಳಿದು ಬಂದು ಗೇಟು ನೋಡಿದ. ನನ್ನ ಬಿಳಿ ಕೊಕ್ಕೆ ನೋಡಿದ. ತಲೆಯ ಮೇಲಿನ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಯಾರಿದೀರೋ ಅಲ್ಲಿ? ತೆಗೀರಿ ಅಂದ್ನಲ್ಲ!" ಧಣಿ ಮತ್ತೆ ಕೂಗಿದರು.

ತೆಗೆಯಲು ಆಳು ಬೇಕಿತ್ತು. ಒಳಗೆ ಒಬ್ಬನೂ ಇರಲಿಲ್ಲ.